ಮಳೆಗೆಂದು ನೇಯ್ದ ಬಟ್ಟೆ

ಅರೆ ಒದ್ದೆ ಹತ್ತಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಏಳುತ್ತದಲ್ಲ, ನಿಮಗದು ಮಡಿಯ ವಾಸನೆ ಇರಬಹುದು. ನನಗೆ ಮಾತ್ರ ಮೂಗಿಗೆ ಬಿದ್ದ ಕೂಡಲೇ ಕಿವಿ ಬಿಸಿಯಾಗುತ್ತದೆ. ಹೋದ ಭಾನುವಾರ ಹೀಗೇ ಇಸ್ತ್ರಿ ಮಾಡುತ್ತಿದ್ದೆ. ನನ್ನ ತಂಗಿ ಕಾಫಿ ಕುಡಿಯುತ್ತ ನನ್ನ ಸೊಸೆಗೆ ಹಳೇ ಕತೆ ಶುರು ಮಾಡಿದಳು: "ನಿಮ್ಮತ್ತೆಗೆ ಮಳೆ ಕಂಡ್ರೆ ಕೈ ಸುಮ್ನಿರಲ್ಲಮ್ಮ."

ಅದು ತೊಂಬತ್ತರ ದಶಕದ ಕತೆ. ನಾವು ಆಗ ಊರು ಬಿಟ್ಟು ಈ ಪರದೇಶಕ್ಕೆ ಬಂದು, ಬುಕಿತ್ ಬಾಟೋಕ್ ಎಂಬ ಬಡಾವಣೆಯಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿದ್ದೆವು. ಲಲಿತಕಲಾ ಕಾಲೇಜಿಗೆಂದು ಬಂದ ತಂಗಿ ನಮ್ಮ ಜೊತೆಗಿದ್ದಳು. ಹಾಲಿನಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಅವಳ ಮಗ್ಗ. ಬಂದವರಿಗೆ ಚಾಪೆಯೇ ಗತಿ. ನಾನೋ ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವಳು. ಮಗ್ಗ ಎಂದರೆ ಸೀರೆ, ಹೋಗಲಿ ಟವೆಲು ಎಂದುಕೊಂಡಿದ್ದೆ. ಅವಳು ತಿಂಗಳುಗಟ್ಟಲೆ ನೇಯ್ದದ್ದು ಉಡಲೂ ಬಾರದ, ಹೊದೆಯಲೂ ಬಾರದ ಉದ್ದುದ್ದ ಪಟ್ಟಿಗಳನ್ನು. ಅರ್ಧ ಅರಿಸಿನ, ಅರ್ಧ ನೀಲಿ. ಬೇಕೆಂದೇ ಎರಡನ್ನೂ ಬಣ್ಣ ನಿಲ್ಲದ ಹಾಗೆ ಅದ್ದಿದ್ದಳು.

"ಅರಿಸಿನ ಊರಿಂದು, ನೀಲಿ ಇಲ್ಲೀದು. ಮಳೆ ಬಿದ್ದಾಗ ಎರಡೂ ಇಳಿದು ಒಂದರೊಳಗೊಂದು ಸೇರುತ್ತಲ್ಲ ಅಕ್ಕ, ಅದೇ ನಾನು."

"ನೀನ್ಯಾರು ಅಂತ ತಿಳ್ಕೊಳ್ಳೋಕೆ ಪಾಸ್‌ಪೋರ್ಟ್ ಇದೆಯಲ್ಲೇ," ಅಂದೆ.

ನಕ್ಕಳು. ಅಡುಗೆಮನೆ ಕಿಟಕಿಯಾಚೆ ಬಟ್ಟೆ ಒಣಹಾಕುವ ಬೊಂಬುಗಳಿಗೆ ಪಟ್ಟಿಗಳನ್ನು ಕಟ್ಟಿದಳು. ಆ ಮಧ್ಯಾಹ್ನ ಅವಳ ಮೇಷ್ಟ್ರು, ಇನ್ನೊಬ್ಬ ಪರೀಕ್ಷಕರು ಕೆಳಗೆ ಹುಲ್ಲಿನ ಮೇಲೆ ನಿಂತು ನೋಡುವುದಿತ್ತು. ಅವರು ಮೆಚ್ಚಿದರೆ ಆ ವರ್ಷದ ದೊಡ್ಡ ಪ್ರದರ್ಶನದಲ್ಲಿ ಅವಳಿಗೆ ಜಾಗ. ಡಿಸೆಂಬರಿನಲ್ಲಿ ಇಲ್ಲಿಯ ಮಳೆ ಫ್ಯಾಕ್ಟರಿ ಕೆಲಸದವರ ಹಾಗೆ, ಹೊತ್ತಿಗೆ ಸರಿಯಾಗಿ ಹಾಜರು. "ಮಳೆ ಬಂದ್ರೂ ಮುಟ್ಟಬೇಡ ಅಕ್ಕ, ಮಳೇಲಿ ನೆನೀಲಿ ಅಂತಾನೇ ಕಟ್ಟಿರೋದು," ಎಂದು ಮತ್ತೆ ಮತ್ತೆ ಹೇಳಿ, ಅವರನ್ನು ಕರೆತರಲು ಎಂಆರ್‌ಟಿ ರೈಲು ಸ್ಟೇಷನ್ನಿಗೆ ಹೋದಳು.

ಅವಳು ಅತ್ತ ಹೋದಳು, ಇತ್ತ ಪದ್ಮಾ ಅವರು ಬಂದರು. ನನ್ನ ಯಜಮಾನರ ಮೇಲಧಿಕಾರಿಯ ಹೆಂಡತಿ. ಎಂ.ಎ. ಓದಿದವರು, ಕಾಂಡೋ ಅನ್ನುವ ದುಬಾರಿ ಫ್ಲ್ಯಾಟಿನಲ್ಲಿರುವವರು. ಚಾಪೆ ನೋಡಿ, ನಿಂತೇ ಮಾತಾಡೋಣ ಎಂದು ಅಡುಗೆಮನೆಗೆ ಬಂದರು.

"ಇದೇನ್ರೀ ಕಿಟಕೀಲಿ?"

ತಂಗಿಯ ಕೆಲಸ ಅನ್ನಬೇಕಿತ್ತು. ಹಾಗೆಂದರೆ ಏನು ಎತ್ತ ಎಂದು ವಿವರಿಸಲು ನನಗೆಲ್ಲಿ ಬರಬೇಕು? ಇವರು ಹೋಗಿ ನಾಲ್ಕು ಮನೆಗಳಲ್ಲಿ ನಕ್ಕರೆ? "ಏನಿಲ್ಲ, ಪರದೆ. ಒಗೆದು ಹಾಕಿದ್ದೆ," ಅಂದೆ.

ದಪ್ಪ ಹನಿ ಬಿತ್ತು. "ಅಯ್ಯೋ ಮಳೆ ಬಂತಲ್ರೀ, ನೋಡ್ತಾ ನಿಂತಿದ್ದೀರಲ್ಲ! ಎಳ್ಕೊಳ್ಳಿ!" ಎಂದು ಪದ್ಮಾ ಅವರು ಸೆರಗು ಸಿಕ್ಕಿಸಿಯೇಬಿಟ್ಟರು. ಒಗೆದ ಪರದೆಯನ್ನು ಯಾವ ಹೆಂಗಸು ಮಳೆಗೆ ಬಿಡುತ್ತಾಳೆ, ನೀವೇ ಹೇಳಿ? ಆಡಿದ ಸುಳ್ಳಿಗೆ ಮರ್ಯಾದೆ ಕೊಟ್ಟು ನಾನೂ ಬೊಂಬು ಎಳೆದೆ. ಪುಣ್ಯಾತ್ಗಿತ್ತಿ ಎಲ್ಲವನ್ನೂ ಹಸಿಹಸಿಯಾಗೇ ಮಡಚಿಟ್ಟರು. ಮಡಿಕೆ ಮಡಿಕೆಗೂ ಬಣ್ಣ ಅಂಟಿ ಕಲೆಯಾಯಿತು.

ಕೆಳಗೆ ಬಗ್ಗಿದರೆ ಮೂರು ಕೊಡೆ. ಒಂದು ಕೊಡೆ ಹಿಂದಕ್ಕೆ ವಾಲಿತು. ಮುಖದ ಮೇಲೆ ಮಳೆ ಬೀಳುತ್ತಿದ್ದರೂ ತಂಗಿ ಬರಿದಾದ ಕಿಟಕಿಯನ್ನು ನೋಡುತ್ತಲೇ ಇದ್ದಳು. ನಾನು ಕಿಟಕಿಯಿಂದ ಸರಿದೆ.

ಅವಳು ಮೇಲೆ ಬರುವ ಹೊತ್ತಿಗೆ ಪದ್ಮಾ ಅವರು ಹೋಗಿದ್ದರು. ನಾನು ಆ ಪಟ್ಟಿಗಳಿಗೆ ಇಸ್ತ್ರಿ ಮಾಡುತ್ತಿದ್ದೆ. ತಲೆ ತಗ್ಗಿಸಿರಲು ಬೇರೆ ಕೆಲಸ ಸಿಕ್ಕಿರಲಿಲ್ಲ. "ಅಭ್ಯಾಸ ಕಣೆ. ಮಳೆ ಕಂಡ ತಕ್ಷಣ ಕೈ ತಾನೇ ಹೋಯ್ತು," ಅಂದೆ. ಅತ್ತಳು. ನಂಬಿದಳು.

ಆ ಪ್ರದರ್ಶನ ಅವಳಿಗೆ ತಪ್ಪಿತು. ಮುಂದೆ ಹೆಸರು ಮಾಡಿದಳು, ಅದು ಬೇರೆ. ಹೋದಲ್ಲೆಲ್ಲ ಈ ಕತೆ ಹೇಳಿದಳು: "ನನ್ನ ಕಲೇನ ಮಳೆಯಿಂದ ಕಾಪಾಡಿದೋಳು ನಮ್ಮಕ್ಕ ಒಬ್ಬಳೇ!" ಜನ ಬಿದ್ದು ಬಿದ್ದು ನಗುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ನಗುತ್ತಿದ್ದೆ.

ಹೋದ ಭಾನುವಾರ ಯಾಕೋ ನಗು ಬರಲಿಲ್ಲ. "ಅಭ್ಯಾಸ ಅಲ್ಲ ಕಣೆ," ಅಂದೆ. "ಪದ್ಮಾ ಅವರು ಬಂದಿದ್ರು. ನಿನ್ನ ಕೆಲಸ ಅನ್ನೋಕೆ ನಾಚಿಕೆಯಾಗಿ ಪರದೆ ಅಂದುಬಿಟ್ಟೆ. ಆಮೇಲೆ ಎಳೀಲೇಬೇಕಾಯ್ತು."

ಲೋಟ ತೊಳೆಯುವ ನೆಪದಲ್ಲಿ ಸೊಸೆ ಎದ್ದು ಹೋದಳು. ತಂಗಿ ಕಾಫಿಯ ಕೆನೆಯನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತ ಕೂತಳು.

"ಅಭ್ಯಾಸ ಅಂದಿದ್ದೇ ಚೆನ್ನಾಗಿತ್ತು ಅಕ್ಕ," ಅಂದಳು ಕೊನೆಗೆ. "ಇನ್ನು ಈ ಕತೆ ನನ್ನ ಕೈಲಿ ಹೇಳೋಕಾಗಲ್ಲ. ಬೇಕಿದ್ರೆ ನೀನೇ ಹೇಳ್ಕೋ."

ನಿಮ್ಮಿಂದಲೇ ಶುರು ಮಾಡಿದ್ದೇನೆ.