ಬುಗುರಿ ಮತ್ತು ಬಣ್ಣದ ಮೇಲಿನ ಬೋಲ್ಟು

ಬುಗುರಿಯನ್ನು ನಾನು ಮೊದಲು ನೋಡಿದ್ದು ನನ್ನ ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಕಂಡದ್ದು ಎರಡು ಕಾಲುಗಳು ಮಾತ್ರ; ಅವೂ ಒಂದೆಡೆ ನಿಲ್ಲುತ್ತಿರಲಿಲ್ಲ. ಕೂತಲ್ಲಿ ಕೂರದ ಆ ಹೆಣ್ಣುಮಗಳಿಗೆ ಬೀದಿಯವರು ಇಟ್ಟ ಹೆಸರೇ ಬುಗುರಿ. ಕಾರಿನ ವೈರಿಂಗ್ ಅವಳ ಕಸುಬು. ಶೆಡ್ಡು ಅವಳ ಮಾವನದು. ಅವರು ಕಾರುಗಳಿಗೆ ಬಣ್ಣ ಹೊಡೆಯುವವರು. ಸೊಸೆಗೆ ಒಂದು ಮೂಲೆ ಬಿಟ್ಟುಕೊಡುವಾಗ ಅವರು ಹಾಕಿದ ಷರತ್ತು ಒಂದೇ: ತಮ್ಮ ಬಣ್ಣಕ್ಕೆ ಗೀರು ಬೀಳಕೂಡದು. ಬಿದ್ದ ದಿನ ಮೂಲೆ ಖಾಲಿ.

ಅವರಿಂದಲೇ ಬಣ್ಣ ಹೊಡೆಸಿಕೊಂಡ ಮೇಲೆ ನನ್ನ ಕಾರಿಗೆ ಹೊಸ ಚಾಳಿ ಅಂಟಿಕೊಂಡಿತ್ತು. ಹೆಡ್‌ಲೈಟ್ ಹಾಕಿದೊಡನೆ ಮೀಟರಿನ ದೀಪಗಳು ಮಂಕಾಗುತ್ತಿದ್ದವು; ಪೆಟ್ರೋಲಿನ ಮುಳ್ಳು ಚಳಿಜ್ವರ ಬಂದಂತೆ ನಡುಗುತ್ತಿತ್ತು.

"ಮೇಷ್ಟ್ರೇ, ಮೀಟರಿಗೆ ಕರೆಂಟ್ ಎರಡು ದಾರೀಲಿ ಬರುತ್ತೆ," ಎಂದಳು ಹೊರಗೆ ಬಂದು. "ಒಂದು ಬ್ಯಾಟರಿಯಿಂದ ಯಾವಾಗ್ಲೂ, ಗಡಿಯಾರ ನಿಲ್ಲದ ಹಾಗೆ. ಇನ್ನೊಂದು ಕೀ ತಿರುಗಿಸಿದಾಗ. ಎರಡರ ಫ್ಯೂಸೂ ಚೆನ್ನಾಗಿವೆ. ಆದ್ರೆ ಬಂದಿದ್ದು ವಾಪಸ್ ಹೋಗ್ಬೇಕಲ್ಲ? ಈ ಕಪ್ಪು ವೈರು ಬಾಡಿ ತಗಡಿಗೆ ಬೋಲ್ಟ್ ಆಗಿರುತ್ತೆ. ಅದೇ ಅರ್ಥಿಂಗ್. ಅಲ್ಲೇ..."

ಎನ್ನುತ್ತ ಮತ್ತೆ ಒಳಗೆ ಬಗ್ಗಿದಳು. ನಾನೂ ಬಗ್ಗಿ ನೋಡಿದೆ. ಕಾಲಿಡುವ ಜಾಗದ ಪಕ್ಕದ ತಗಡಿನ ತುಕ್ಕು ತೆಗೆದು ಮಾವ ಕನ್ನಡಿಯಂತೆ ಬಣ್ಣ ಬಳಿದಿದ್ದರು. ಕಪ್ಪು ವೈರಿನ ಬೋಲ್ಟು ಆ ಬಣ್ಣದ ಮೇಲೆಯೇ ಕುಳಿತಿತ್ತು.

ಪಕ್ಕದಲ್ಲಿ ಬಣ್ಣ ತಾಗದ ಇನ್ನೊಂದು ಬೋಲ್ಟಿತ್ತು. ಸದ್ದಿಲ್ಲದೆ ವೈರನ್ನು ಅದಕ್ಕೆ ಬದಲಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಪ್ಯಾನರ್ ಹಿಡಿದು ಬಗ್ಗಿದಳು, ಎದ್ದಳು, ಬಾಗಿಲವರೆಗೆ ಹೋಗಿ ಮಾವನನ್ನು ನೋಡಿ ಬಂದಳು, ಮತ್ತೆ ಬಗ್ಗಿದಳು.

"ಇದೊಂದೇ ಆದ್ರೆ ಸರಿ ಮೇಷ್ಟ್ರೇ. ಅವರು ಬಣ್ಣ ಹೊಡೆದ ಕಾರೆಲ್ಲ ಹೀಗೇ ಬಂದ್ರೆ?" ಎಂದವಳು ಕೂಗಿಯೇಬಿಟ್ಟಳು. "ಮಾವ, ಇಲ್ಲಿ ಸ್ವಲ್ಪ ಬಣ್ಣ ಕೆರೀಬೇಕು."

"ಏನಂದೆ? ಕೂದಲೆಳೆಯಷ್ಟು ಜಾಗವೂ ಬಿಡದೆ ಹೊಡೆದಿದ್ದೀನಿ!"

"ಅದೇ ತೊಂದರೆ ಮಾವ. ಬಣ್ಣ ದಾಟಿ ಕರೆಂಟ್ ಹೋಗಲ್ಲ."

"ಹಾಗಾದ್ರೆ ನಿನ್ನ ಸಾಮಾನು ಕಟ್ಟು."

ಅವಳು ಬೇರೊಂದು ತಂತಿಯಿಂದ ಕಪ್ಪು ವೈರನ್ನು ಬ್ಯಾಟರಿಯ ಮೈನಸ್ಸಿಗೆ ಜೋಡಿಸಿ ಹೆಡ್‌ಲೈಟ್ ಹಾಕಿದಳು. ಮುಳ್ಳು ಅಲುಗಲಿಲ್ಲ. ತಂತಿ ತೆಗೆದಳು, ನಡುಕ ಶುರುವಾಯಿತು. ಮಾವ ಹೊರಟುಹೋದರು. ಬುಗುರಿ ನಿಜವಾಗಿಯೂ ಇಕ್ಕಳ, ಟೆಸ್ಟರುಗಳನ್ನು ಡಬ್ಬಿಗೆ ತುಂಬತೊಡಗಿದಳು.

ಮಾವ ಮರಳಿ ಬಂದಾಗ ಕೈಯಲ್ಲಿ ಉಪ್ಪುಕಾಗದವಿತ್ತು.

"ಎಷ್ಟಗಲ?"

"ವಾಷರಿನಷ್ಟು."

"ಅಷ್ಟೇನಾ? ಅಷ್ಟಕ್ಕೆ ಆಗ್ಲಿಂದ ನನ್ನ ಸುತ್ತ ಗಿರಕಿ ಹೊಡೀತಿದ್ದೀಯಾ?"

ತಮ್ಮ ಹಲ್ಲನ್ನೇ ಕೀಳುತ್ತಿರುವವರ ಮುಖ ಮಾಡಿಕೊಂಡು, ತಾವೇ ಬಣ್ಣ ಉಜ್ಜಿ ತಗಡು ಹೊಳೆಯಿಸಿದರು.

ಮೂಲೆ ಇಂದಿಗೂ ಅವಳದೇ. ಈಗ ಮಾವ ಬಣ್ಣ ಹೊಡೆಯುವ ಮುನ್ನ ಬುಗುರಿ ಪ್ರತಿ ಕಾರಿನೊಳಗೂ ನುಗ್ಗಿ ಅರ್ಥಿಂಗ್ ಜಾಗಗಳಿಗೆ ಟೇಪು ಅಂಟಿಸುತ್ತಾಳೆ. ಅಂಟಿಸಿದ ಮೇಲೂ ಸಮಾಧಾನವಿಲ್ಲ. ಮತ್ತೆ ಹೋಗಿ ಒತ್ತಿ ನೋಡುತ್ತಾಳೆ.

"ಒಂದು ಗಳಿಗೆ ಕೂತ್ಕೊಳ್ಳಮ್ಮ, ನನಗೆ ತಲೆ ಸುತ್ತುತ್ತೆ," ಎನ್ನುತ್ತಾರೆ ಮಾವ.

ಮೊನ್ನೆ ನಾನು ಹೋದಾಗ ಕುಳಿತೂ ಇದ್ದಳು, ಅವರು ಸ್ಪ್ರೇ ಗನ್ ಕೈಗೆತ್ತಿಕೊಳ್ಳುವವರೆಗೆ.