ಹೊಸಬರಿಗೆ ಹುಲಿ

ಕಂಪ್ಯೂಟರ್ ಆಟದಲ್ಲಿ ಮಗಳು ಡ್ರ್ಯಾಗನ್ ಪಡೆಯನ್ನೇ ಆರಿಸಿದಳು. ಅದರ ಕೆಳಗೆ ‘ಹೊಸಬರಿಗೆ ಸುಲಭ’ ಎಂದು ಬರೆದಿತ್ತು. ನಮ್ಮೂರು ಜುಗೂಳದ ಮನೆಯ ಕಟ್ಟೆ ನನ್ನ ಕಣ್ಮುಂದೆ ಬಂತು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಕಟ್ಟೆಯ ಮೇಲೆ ಸುಣ್ಣದಿಂದ ಹುಲಿ-ಕುರಿ ಆಟದ ಗೆರೆ ಎಳೆಯುತ್ತಿದ್ದಳು. ಹುಣಸೆಬೀಜಗಳು ಕುರಿ, ಬೆಣಚುಕಲ್ಲುಗಳು ಹುಲಿ.

“ಹೊಸಬರಿಗೆ ಹುಲೀನ ಕೊಡೂದು. ಸುಲಭ ಐತಿ, ಹಿಡಿ.”

ಉಬ್ಬಿಹೋದೆ. ಹಾರಿ ಹಾರಿ ಎರಡು ಕುರಿ ತಿಂದೆ. ಆಯಿ ಒಂದೊಂದೇ ಬೀಜ ಇಡುತ್ತಾ ಹೋದಳು. ನೋಡನೋಡುತ್ತಲೇ ನನ್ನ ಹುಲಿಗಳ ದಾರಿ ಮುಚ್ಚಿತು. ಕಲ್ಲು ಎತ್ತಿದರೆ ಇಡಲು ಜಾಗವೇ ಇಲ್ಲ.

“ಸುಲಭ ಅಂದಿದ್ದಿಯಲ್ಲಾ, ಆಯಿ!”

“ತಿನ್ನೂದು ಸುಲಭ ಐತಿ. ನಾಳೆ ಕುರಿ ಕೊಡತೀನಿ, ಕೂಡಿ ನಿಲ್ಲೂದು ಕಲಿ.”

ಈಗ ಮಗಳ ಡ್ರ್ಯಾಗನ್ ಇನ್ನೊಂದು ಕೋಟೆ ಸುಟ್ಟಿತು. ಅವಳು ಕುಣಿದಳು. ಪರದೆಯ ಮೂಲೆಯಿಂದ ಈಟಿ ಹಿಡಿದ ಸಣ್ಣ ಸೈನಿಕರು ಸಾಲುಗಟ್ಟಿ ಬರುತ್ತಿದ್ದರು. ನಾನು ನೋಡಿದೆ, ಹೇಳಲಿಲ್ಲ.