ಅಮ್ಮ ಕಳಿಸುವ ದುಡ್ಡು

ಬೀದಿಯವರು ಅವನಿಗೆ ಇಟ್ಟ ಹೆಸರು 'ಅಮ್ಮನ ಮಗ'. ಬೇರೆ ದೇಶದವನು, ಕನ್ನಡಕದಂಗಡಿಯವರ ಒಬ್ಬಳೇ ಮಗಳ ಕೈಹಿಡಿದು ಮನೆಅಳಿಯನಾಗಿ ಬಂದವನು. ಕೂದಲು ನೆರೆಯುತ್ತಾ ಬಂದರೂ ತಾಯಿ ಕಳಿಸುವ ದುಡ್ಡಿನಲ್ಲಿ ಹೊಟ್ಟೆ ಹೊರೆಯುತ್ತಾನೆಂದು ಬೀದಿಗೆಲ್ಲ ಗೊತ್ತಿತ್ತು. ಗೊತ್ತು ಮಾಡಿಸಿದವರು ಅತ್ತೆಯೇ.

ನಿಜ ಬೇರೆಯಿತ್ತು. ಮಹಡಿ ಮೆಟ್ಟಿಲ ಕೆಳಗೆ, ಇಸ್ತ್ರಿಗಿಟ್ಟ ಬಟ್ಟೆಯ ರಾಶಿಯ ಪಕ್ಕ, ಬಾಗಿಲು ಹಾಕಿಕೊಂಡು ಅವನು ತನ್ನ ದೇಶದ ಲಿಫ್ಟ್ ಕಂಪನಿಗೆ ನಕ್ಷೆ ತಿದ್ದುತ್ತಿದ್ದ. ನೆಟ್ಟಗೆ ನಿಂತರೆ ತಲೆ ಬಡಿಯುವ ಆ ಗೂಡಿನಿಂದಲೇ ಮನೆ ಬಾಡಿಗೆ, ಮಾವನ ಸಕ್ಕರೆ ಕಾಯಿಲೆಯ ಮಾತ್ರೆ, ಅತ್ತೆಯ ಹೊಸ ಸೋಫಾ ಎಲ್ಲ ಬರುತ್ತಿದ್ದವು. ಆದರೆ ಹೆಂಡತಿಯ ದೆಸೆಯಿಂದ ಸಿಕ್ಕ ಅವನ ವಾಸದ ಪರವಾನಗಿಯಲ್ಲಿ 'ದುಡಿಯುವಂತಿಲ್ಲ' ಎಂದಿತ್ತು. ಕಂಪನಿ ಎಲ್ಲಿಯದಾದರೇನು, ಕೂತು ದುಡಿಯುವುದು ಇಲ್ಲಿ ತಾನೆ? ಆಡಿಟರು ದಾರಿ ತೋರಿಸಿದರು.

"ಸಂಬಳ ನಿಮ್ಮೂರಲ್ಲೇ ತಾಯಿ, ತಂಗಿ ಇಬ್ಬರ ಜಂಟಿ ಖಾತೆಗೆ ಬೀಳ್ಲಿ. ತಾಯಿ ಸೊಸೆಗೆ ಉಡುಗೊರೆ ಅಂತ ಕಳಿಸ್ಲಿ. ತೆರಿಗೆನೂ ಇಲ್ಲ, ತಂಟೆನೂ ಇಲ್ಲ. ವರ್ಷಕ್ಕೊಂದು ಉಡುಗೊರೆ ಪತ್ರಕ್ಕೆ ಅವರು ಸಹಿ ಹಾಕಿದ್ರೆ ಆಯ್ತು."

ಹೇಳಿ ಹೇಳಿ ಆ ಸುಳ್ಳು ಅತ್ತೆಯ ನಾಲಿಗೆಗೆ ಹತ್ತಿತು, ಆಮೇಲೆ ತಲೆಗೂ ಹತ್ತಿತು. ಅವನೇ ಕೊಡಿಸಿದ ಸೋಫಾದ ಮೇಲೆ ಕಾಲು ನೀಡಿ, "ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು" ಎನ್ನುವರು. ಎದುರಿಗೆ 'ಅಳಿಯಂದಿರು', ಬೆನ್ನ ಹಿಂದೆ 'ಅದು'. ಅವನು ಕಾದ. ಕಾಯಂ ಪರವಾನಗಿಯೊಂದು ಬಂದರೆ ರಾಜಾರೋಷವಾಗಿ ದುಡಿಯಬಹುದು, ತೆರಿಗೆ ಕಟ್ಟಬಹುದು, ತಲೆಯೆತ್ತಿ ಬೀದಿಯಲ್ಲಿ ನಡೆಯಬಹುದು.

ಕಾಯಂ ಅರ್ಜಿ ಹಾಕಿ ಕಾಯುತ್ತಿದ್ದಾಗ, ಒಂದು ಬೆಳಿಗ್ಗೆ ತಂಗಿಯ ಫೋನ್ ಬಂತು. ತಾಯಿ ತೀರಿಕೊಂಡಿದ್ದರು.

ಮಾವ ಮೊದಲು ಕೇಳಿದ್ದು, "ಪರವಾನಗಿ ಅಧಿಕಾರಿ ಮನೆಗೆ ವಿಚಾರಣೆಗೆ ಬರೋದು ಮುಂದಿನ ವಾರ ಅಲ್ವಾ?" ಅಷ್ಟರೊಳಗೆ ದೇಶ ಬಿಟ್ಟು ಹೊರಟರೆ ಅರ್ಜಿ ರದ್ದು. ತಾಯಿ ಇಲ್ಲವೆಂದರೆ ದುಡ್ಡು ಯಾರದೆಂಬ ಪ್ರಶ್ನೆ. ಹೋಗುವುದಿರಲಿ, ಅಳುವುದೂ ಕಷ್ಟವಾಯಿತು.

"ಅಳಬೇಡ ಅಂತಲ್ಲ," ಎಂದಳು ಹೆಂಡತಿ. "ಪಕ್ಕದ ಮನೆಯವರಿಗೆ ಕೇಳಿಸುತ್ತೆ. ಅವರನ್ನೂ ವಿಚಾರಿಸ್ತಾರಂತೆ." ಹೋಗಿ, ಒಳಗೆ ಒಂದು ಬಟ್ಟೆಯೂ ಇಲ್ಲದ ವಾಷಿಂಗ್ ಮೆಷಿನ್ ಹಾಕಿ ಬಂದಳು. ಅದು ಗಡಗಡ ತಿರುಗಿದಷ್ಟು ಹೊತ್ತು ಅವನು ಅತ್ತ. ಇದನ್ನೂ ಪ್ರೀತಿ ಎನ್ನುವವರಿದ್ದರೆ ಅನ್ನಲಿ, ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ಅಧಿಕಾರಿಣಿ ಬಂದರು. ಒಳ್ಳೆಯ ಹೆಂಗಸು. ಸುಮ್ಮನೆ ಮಾತಿಗೆಂದು, "ತಾಯಿ ಹೇಗಿದ್ದಾರೆ?" ಎಂದರು.

"ನಿನ್ನೆ ತಾನೆ ಮಾತಾಡಿದ್ರು," ಅತ್ತೆ ನಡುವೆ ಬಂದರು. "ಮಗನ್ನ ಚೆನ್ನಾಗಿ ನೋಡ್ಕೊಳ್ಳಿ ಅಂದ್ರು."

ಅಧಿಕಾರಿಣಿ ಅವನ ಮುಖವನ್ನೇ ನೋಡಿದರು.

"ಹೌದು," ಎಂದ. "ಚೆನ್ನಾಗಿದ್ದಾರೆ."

ಪರವಾನಗಿ ಬಂತು. ಮಾವ ಸಿಹಿ ತಂದರು. ಅವನು ಅದನ್ನು ಮುಟ್ಟದೆ ಕೇಳಿದ್ದು ಒಂದೇ ಮಾತು, "ಇನ್ನು ನಮ್ಮಮ್ಮ ಹೋದ್ರು ಅಂತ ಹೇಳಬಹುದಲ್ಲ?"

ಆಡಿಟರನ್ನು ಕರೆಸಿದರು. ಅವರು ಸಿಹಿ ತಿಂದು ಕೈ ಒರೆಸಿಕೊಂಡರು.

"ಯಾವಾಗ ಹೋದ್ರು ಅಂತ ಮರಣಪತ್ರ ಕೇಳ್ತಾರೆ. ಅಧಿಕಾರಿ ಬಂದಾಗ ಬದುಕಿದ್ರಲ್ಲ? ಕೆಲಸ ಈಗ ಸಿಕ್ತು ಅಂದ್ರೂ ಕಂಪನಿ ಪತ್ರ ಕೇಳ್ತಾರೆ, ಸೇರಿದ ವರ್ಷ ಅದರಲ್ಲೇ ಇರುತ್ತೆ. ಇಲ್ಲಿ ವಾಸ ಇರೋರು ಎಲ್ಲಿಂದ ಸಂಪಾದಿಸಿದ್ರೂ ಇಲ್ಲಿ ತೆರಿಗೆ ಕಟ್ಟಬೇಕು. ಹಳೇ ತೆರಿಗೆ, ದಂಡ, ಸುಳ್ಳು ಹೇಳಿದ್ದಕ್ಕೆ ಪರವಾನಗಿನೂ ರದ್ದು. ಯಾಕೆ ಬೇಕು? ಇನ್ನೊಂದಷ್ಟು ವರ್ಷ ತಾಯಿ ಬದುಕಿರ್ಲಿ. ಜಂಟಿ ಖಾತೆ ತಾನೆ, ದುಡ್ಡು ತಂಗಿ ಕಳಿಸ್ತಾರೆ. ಈ ವರ್ಷದ ಪತ್ರಕ್ಕೆ ಸಹಿ ಒಂದು ಬೇಕು, ಅಷ್ಟೆ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಪೆನ್ನು ತಂದು ಕೊಟ್ಟಳು.

ಊಟದ ಮೇಜಿನ ಮೇಲೆ ತಾಯಿಯ ಹಳೆಯ ಸಹಿಯನ್ನು ಮುಂದಿಟ್ಟುಕೊಂಡು ಅವನು ಖಾಲಿ ಹಾಳೆಯ ಮೇಲೆ ಒಂದು ಸಲ ಬರೆದು ನೋಡಿದ. ಅತ್ತೆ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ ತಲೆಯಾಡಿಸಿದರು.

"ತೀರಾ ನೆಟ್ಟಗಾಯ್ತು. ವಯಸ್ಸಾದವರಲ್ವಾ, ಕೈ ಸ್ವಲ್ಪ ನಡುಗಬೇಕು."

ಅವನು ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡ. ತಾಯಿಯ ಹೆಸರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಬೆರಳು ನಡುಗಿತು, ಮೊಣಕೈ ನಡುಗಿತು, ಹೆಗಲು ನಡುಗಿತು.

"ಇಲ್ಲಿ ನೋಡಿ," ಅತ್ತೆ ಗಂಡನನ್ನು ಕರೆದರು. "ನಮ್ಮ ಅಳಿಯಂದಿರು ಎಷ್ಟು ಚೆನ್ನಾಗಿ ನಡುಗಿಸ್ತಾರೆ."